ಹೊರಗಿನ ಸರಪಳಿ

ಗೋಡೆಗೂ ಕಿವಿ ಇರುತ್ತವೆ ಎಂದು ಜನ ಹೆದರುತ್ತಾರೆ. ಅದಕ್ಕೇ ಗೋಡೆಯ ಪಕ್ಕ ನಿಂತಾಗ ದನಿ ತಗ್ಗಿಸುತ್ತಾರೆ. ಬಾಗಿಲಿನ ಬಗ್ಗೆ ಯಾರಿಗೂ ಅಂಥ ಭಯವಿಲ್ಲ. ನನ್ನ ಮುಂದೆ ನಿಂತು ಬಡಿಯುತ್ತಾರೆ, ಬೈಯುತ್ತಾರೆ, ಅಳುತ್ತಾರೆ, ಕೆಲವರು ಒದೆಯುತ್ತಾರೆ. ಹಾಗಾಗಿ ನನಗೆ ಗೋಡೆಗಿಂತ ಹೆಚ್ಚು ಗೊತ್ತು, ಸಿಡುಕೂ ಸ್ವಲ್ಪ ಹೆಚ್ಚು.

ನಾನು ಸಾಗವಾನಿ ಮರದ ಬಾಗಿಲು, ಒಂದೇ ಹಲಗೆಯದು. ದಾಂಡೇಲಿ ಕಡೆಯ ಕಾಡಿನಿಂದ ಬಂದ ಮರ. ಹುಬ್ಬಳ್ಳಿಯ ಒಂದು ಹತ್ತಿ ಗಿರಣಿಯವರು ಕೆಲಸಗಾರರಿಗೆಂದು ಸಾಲುಮನೆ ಕಟ್ಟಿಸಿದಾಗ ಕಾಳಪ್ಪ ಬಡಿಗೇರ ಎಂಬಾತ ನನ್ನನ್ನು ಮಾಡಿದ. ಒಳಮೈಗೆ ಒಂದು ಕಬ್ಬಿಣದ ಚಿಲಕ ಜಡಿದ. ಹೊರಮೈಗೆ, ತಲೆಯ ಹತ್ತಿರ, ಒಂದು ಸರಪಳಿ ಹೊಡೆದ. ಅದನ್ನು ಎಳೆದು ಚೌಕಟ್ಟಿನ ಮೇಲಿನ ಕೊಂಡಿಗೆ ಸಿಕ್ಕಿಸಿದರೆ ಮುಗಿಯಿತು, ಒಳಗಿನಿಂದ ಆನೆ ಎಳೆದರೂ ನಾನು ತೆರೆಯುವುದಿಲ್ಲ. ಚಿಲಕ ಮನೆಯಲ್ಲಿ ಇದ್ದವರಿಗೆ, ಸರಪಳಿ ಹೊರಗೆ ಹೋಗುವವರಿಗೆ. ಇಷ್ಟು ಸರಳವಾಗಿತ್ತು ನನ್ನ ಬದುಕು. ಹೊರಮೈಯ ಮೇಲೆ ಬಿಳಿ ಬಣ್ಣದಲ್ಲಿ ಹದಿನೇಳು ಎಂಬ ಮನೆ ನಂಬರು ಬರೆದರು. ಅದರ ಕಲೆ ಈಗಲೂ ಇದೆ.

ಆ ಹದಿನೇಳನೇ ಮನೆಗೆ ದ್ಯಾಮಣ್ಣ ಬಂದ. ಗಿರಣಿಯಲ್ಲಿ ಜಾಬರ್. ಅಂದರೆ ಮಗ್ಗಗಳ ಸಾಲಿನ ಮೇಸ್ತ್ರಿ. ಜೊತೆಗೆ ಹೆಂಡತಿ ನಿಂಗವ್ವ. ಕೆಲವು ವರ್ಷದ ಮೇಲೆ ಮಗ ಹುಟ್ಟಿದ. ಶಿರಹಟ್ಟಿಯ ಅಜ್ಜನ ಮಠಕ್ಕೆ ಹರಕೆ ಹೊತ್ತಿದ್ದರಿಂದ ಫಕೀರೇಶ ಎಂದು ಹೆಸರಿಟ್ಟರು. ಮಗು ನನ್ನನ್ನು ಹಿಡಿದುಕೊಂಡೇ ಎದ್ದು ನಿಲ್ಲುವುದನ್ನು ಕಲಿಯಿತು. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ಹೆಮ್ಮೆ.

ದ್ಯಾಮಣ್ಣ ಎಚ್ಚರವಿದ್ದಾಗ ಒಳ್ಳೆಯವನೇ. ನನ್ನ ಕೀಲುಗಳಿಗೆ ತಾನೇ ಎಣ್ಣೆ ಬಿಡುತ್ತಿದ್ದ. ಆದರೆ ಎಚ್ಚರವಿರುವ ದಿನಗಳು ಬರಬರುತ್ತ ಕಡಿಮೆಯಾದವು. ಅವನು ಬಂದು ಬಡಿಯುವ ರೀತಿಯಿಂದಲೇ ಅಂದಿನ ಸಂಜೆ ಹೇಗಿರುತ್ತದೆಂದು ಒಳಗಿನವರಿಗೆ ತಿಳಿಯುತ್ತಿತ್ತು. ಬೆರಳ ಗಂಟಿನಿಂದ ತಟ್ಟಿದರೆ ಊಟ. ಅಂಗೈಯಿಂದ ಬಡಿದರೆ ಹೊಡೆತ. ಆಮೇಲೆ ಆಗುತ್ತಿದ್ದುದನ್ನೆಲ್ಲ ನಾನು ಹೇಳುವುದಿಲ್ಲ. ಒಂದು ಸಲ ನಿಂಗವ್ವನ ತಲೆ ನನ್ನ ಅಂಚಿಗೇ ಬಡಿದು ಒಡೆಯಿತು. ಮರಕ್ಕೆ ನಾಚಿಕೆ ಇರುವುದಿಲ್ಲ ಅಂತ ಯಾರು ಹೇಳಿದರೋ, ಅಂದು ನನಗೆ ನಾಚಿಕೆಯಾಯಿತು.

ಅದಾಗಿ ಒಂದು ವಾರವಿರಬಹುದು. ಹುಬ್ಬಳ್ಳಿಯ ಬೇಸಿಗೆ, ಮಟಮಟ ಮಧ್ಯಾಹ್ನ. ತಲೆಗೆ ಹೊಲಿಗೆ ಹಾಕಿಸಿಕೊಂಡ ನಿಂಗವ್ವ ಜ್ವರ ಬಂದು ಒಳಗೆ ಮಲಗಿದ್ದಳು. ದೂರದಲ್ಲಿ ಗಂಡನ ದನಿ ಕೇಳಿ ಎಂಟು ವರ್ಷದ ಮಗನಿಗೆ ಹೇಳಿದಳು.

"ಫಕೀರಾ, ಚಿಲಕಾ ಹಾಕು. ನಿಮ್ಮಪ್ಪ ಏನಂದ್ರೂ ತಗೀಬ್ಯಾಡ."

ಹುಡುಗ ಚಿಲಕ ಹಾಕಿ ಅದರ ಮೇಲೆ ಕೈ ಇಟ್ಟು ನಿಂತ. ಹೊರಗೆ ಅಂಗೈ ಬಡಿಯಿತು. ಬೈಗುಳಗಳಾದವು. ಬಡಿದ ಬಡಿತಕ್ಕೆ ನಾನು ಅದುರಿದೆ, ನನ್ನ ತಲೆಯ ಮೇಲಿನ ಸರಪಳಿ ಅದುರಿತು. ಆಮೇಲೆ ದನಿ ಇಳಿಯಿತು.

"ಫಕೀರಾ, ನೀರ ಕೊಡೋ. ಗಂಟಲಾ ಒಣಗೇತಿ."

ಹುಡುಗ ಅವ್ವನ ಕಡೆ ನೋಡಿದ. ಅವಳಿಗೆ ಜ್ವರದ ಮಂಪರು. ಅವನು ಒಂದು ಕೈಯನ್ನು ಚಿಲಕದ ಮೇಲೇ ಇಟ್ಟು, ಇನ್ನೊಂದರಿಂದ ಕಿವಿ ಮುಚ್ಚಿಕೊಂಡ. ಆಗ ಹೊರಗೆ ಏನಾಯಿತೆಂದು ನನಗೆ ಮಾತ್ರ ಗೊತ್ತು. ದ್ಯಾಮಣ್ಣ ಹಣೆಯನ್ನು ನನಗೆ ಒತ್ತಿ ನಿಂತ. ಒಳಗಿನವರಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದ.

"ಬ್ಯಾಡ ಮಗನ, ತಗೀಬ್ಯಾಡ. ಒಳಗ ಬಂದ್ರ ನನ್ನ ಕೈ ನನ್ನ ಮಾತು ಕೇಳಂಗಿಲ್ಲ."

ಹಾಗೆಂದವನು ಕೈ ಮೇಲೆತ್ತಿ, ತಡಕಾಡಿ, ಸರಪಳಿಯನ್ನು ಎಳೆದು ಕೊಂಡಿಗೆ ಸಿಕ್ಕಿಸಿದ. ಝಣಕ್ ಎಂದಿತು. ಆಮೇಲೆ ನನಗೆ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕೂತ. ಹೊಟ್ಟೆಯಲ್ಲಿ ಕಳ್ಳಭಟ್ಟಿ, ನೆತ್ತಿಯ ಮೇಲೆ ಬಿಸಿಲು. ಆ ಬೆನ್ನು ನಿಧಾನಕ್ಕೆ ಭಾರವಾಗುತ್ತ ಹೋಯಿತು. ಬದುಕಿದವನ ಭಾರ ಯಾವುದು, ಅಲ್ಲದವನ ಭಾರ ಯಾವುದು ಎಂದು ಅಂದು ಕಲಿತೆ.

ಸಂಜೆ ಗಿರಣಿಯ ಕೂಗು ಕೂಗಿದ ಮೇಲೆ ಪಕ್ಕದ ಮನೆಯ ಬೀಬಿಜಾನ ನೋಡಿದಳು. ಜನ ಕೂಡಿದರು. ದ್ಯಾಮಣ್ಣನನ್ನು ಪಕ್ಕಕ್ಕೆ ಸರಿಸಿ, ಸರಪಳಿ ತೆಗೆದವಳು ಅವಳೇ. ಒಳಗಿನಿಂದ ಚಿಲಕ ತೆಗೆದವಳು ನಿಂಗವ್ವ. ಹುಡುಗ ಅಷ್ಟರಲ್ಲಿ ಸುತ್ತ ಗೋಡೆಯಿದ್ದ ಹಿತ್ತಲಿಗೆ ಓಡಿ ನೀರಿನ ತೊಟ್ಟಿಯ ಹಿಂದೆ ಕೂತಿದ್ದ. ಸರಪಳಿಯ ವಿಷಯ ಅವನಿಗೆ ಗೊತ್ತಾಗಲಿಲ್ಲ. ಅವನಿಗೆ ಗೊತ್ತಿದ್ದುದು ಇಷ್ಟೇ: ಅಪ್ಪ ನೀರು ಕೇಳಿದ, ನಾನು ಬಾಗಿಲು ತೆಗೆಯಲಿಲ್ಲ, ಅಪ್ಪ ಸತ್ತ.

ಆ ಮನೆಯಲ್ಲಿ ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಸತ್ತವರ ಸುದ್ದಿ ಕೆದಕಬಾರದು ಎಂಬ ಹಿರಿಯರ ಬುದ್ಧಿವಾದ ಎಷ್ಟು ಮನೆಗಳನ್ನು ಹಾಳುಮಾಡಿದೆಯೋ, ನನ್ನಂಥ ಬಾಗಿಲುಗಳನ್ನು ಕೇಳಿ.

ತಾಯಿ ಮಗ ಮನೆ ಬಿಟ್ಟು ಹೋದರು. ಗಿರಣಿ ಮುಚ್ಚಿತು. ಸಾಲುಮನೆಗಳನ್ನು ಕೆಡವಿದಾಗ ನನ್ನನ್ನು ಹಳೇ ಸಾಮಾನಿನ ವ್ಯಾಪಾರಿ ಒಯ್ದ. ಅವನಿಂದ ಖಾನಾವಳಿಯ ಸಂಗಪ್ಪ ಕೊಂಡ. ಬಾಗಿಲಾಗಿ ಅಲ್ಲ, ಮೇಜಾಗಿ! ಹೊರಮೈ ಕೆಳಗೆ ಮಾಡಿ ಎರಡು ಡ್ರಮ್ಮಿನ ಮೇಲೆ ನನ್ನನ್ನು ಮಲಗಿಸಿದ. ಬೆಳಗಿನಿಂದ ಹೆಣ್ಣುಮಕ್ಕಳು ನನ್ನ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ಹಣೆಬರಹ ನೋಡಿ, ಮಲಗಿದರೂ ಬಡಿತ ತಪ್ಪಲಿಲ್ಲ. ಆದರೆ ಅದು ಹಸಿವಿನ ಬಡಿತ. ನನಗೆ ಅದು ಇಷ್ಟವಾಗಿತ್ತು. ಕೆಳಗೆ ಜೋತಾಡುವ ಸರಪಳಿಗೆ ಸಂಗಪ್ಪ ಕೈ ಒರೆಸುವ ಬಟ್ಟೆ ಕಟ್ಟಿದ್ದ.

ಒಂದು ದಿನ ಊಟದ ಹೊತ್ತಿನಲ್ಲಿ ಖಾನಾವಳಿಯಲ್ಲಿ ಗದ್ದಲವೆದ್ದಿತು. ಸಿನಿಮಾದ ಖಳನಾಯಕ ಬಂದಿದ್ದಾನೆ, ಫಕೀರೇಶ್! ಎತ್ತರದ ಆಳು, ಗಡ್ಡ, ಕಣ್ಣ ಕೆಳಗೆ ಕಪ್ಪು. ಅವನು ಊಟಕ್ಕೆ ಕೂರಲಿಲ್ಲ. ಹಳೇ ಸಾಮಾನಿನ ವ್ಯಾಪಾರಿಯಿಂದ ನನ್ನ ಸುಳಿವು ಹಿಡಿದು ಬಂದಿದ್ದ. ನೇರ ಅಡುಗೆಮನೆಗೆ ಬಂದು, ಹಿಟ್ಟು ಚೆಲ್ಲಿದ ನೆಲದ ಮೇಲೆ ಅಂಗಾತ ಮಲಗಿ ನನ್ನ ಕೆಳಗೆ ತೂರಿದ. ಉಂಗುರ ಬಿದ್ದಿರಬೇಕು ಎಂದು ರೊಟ್ಟಿಯ ಹೆಂಗಸರು ಹುಡುಕಲು ಶುರುಮಾಡಿದರು. ಅವನು ಬೆರಳಿನಿಂದ ಮಸಿ ಒರೆಸಿ ಹದಿನೇಳು ಎಂಬ ಅಂಕಿ ನೋಡಿದ. ಅಲ್ಲೇ ಬಹಳ ಹೊತ್ತು ಮಲಗಿದ್ದ.

"ಸಾಹುಕಾರ್ರ, ಈ ಬಾಗ್ಲಾ ನನಗ ಬೇಕು," ಎಂದ ಹೊರಬಂದು.

"ಬಾಗ್ಲಲ್ರೀ ಸರ, ಅದು ಮೇಜು," ಎಂದ ಸಂಗಪ್ಪ.

ಸಂಗಪ್ಪನಿಗೆ ಹೊಸ ಮೇಜು ಬಂತು. ನಾನು ಲಾರಿ ಹತ್ತಿ ಬೆಂಗಳೂರಿನ ಒಂದು ಸ್ಟುಡಿಯೋ ಸೇರಿದೆ.

ಫಕೀರೇಶನ ಕಥೆಯನ್ನು ಅಲ್ಲಿಯ ಜನ ಟೀ ಕುಡಿಯುತ್ತ ಆಡಿಕೊಳ್ಳುವುದರಿಂದ ತಿಳಿದೆ. ಬಾಗಿಲು ಒದ್ದು ಒಳಗೆ ನುಗ್ಗುವ ಪಾತ್ರಗಳಿಗೆ ಅವನದು ಎತ್ತಿದ ಕೈಯಂತೆ. ಪ್ರತಿ ಸಿನಿಮಾದಲ್ಲೂ ಒಂದಾದರೂ ಬಾಗಿಲು ಮುರಿಯುತ್ತಿದ್ದ. ಪಾಪ, ಎಲ್ಲ ನನ್ನ ಪ್ಲೈವುಡ್ಡಿನ ತಮ್ಮಂದಿರು. ಬಾಗಿಲು ಮುರಿದ ಸಂಜೆಗಳಲ್ಲಿ ಕುಡಿಯುತ್ತಿದ್ದ, ಆಮೇಲೆ ಎಲ್ಲ ಸಂಜೆ, ಆಮೇಲೆ ಬೆಳಿಗ್ಗೆಯೂ. ಅಪ್ಪನಂತೆಯೇ. ಕೊನೆಗೆ ಒಂದು ಚಿತ್ರೀಕರಣದಲ್ಲಿ ಕುಸಿದು ಬಿದ್ದು, ಕುಡಿತ ಬಿಡಿಸುವ ಕೇಂದ್ರದಲ್ಲಿ ತಿಂಗಳುಗಟ್ಟಲೆ ಇದ್ದು ಬಂದ. ಬಿಟ್ಟು ಎರಡು ವರ್ಷವಾಗಿತ್ತು. ಅಲ್ಲಿಯ ವೈದ್ಯೆ, ನಿನ್ನನ್ನು ಕಾಡುವುದೇನೆಂದು ಬಾಯಿಬಿಟ್ಟು ಹೇಳು ಎಂದಿದ್ದಳಂತೆ. ಹೇಳಲಾರೆ, ಬೇಕಾದರೆ ತೋರಿಸುತ್ತೇನೆ ಎಂದಿದ್ದನಂತೆ. ಆ ತೋರಿಸುವ ಕೆಲಸವೇ ಅವನು ನಿರ್ದೇಶಿಸುತ್ತಿರುವ ಮೊದಲ ಸಿನಿಮಾ.

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ. ಈ ಸಿನಿಮಾದಲ್ಲಿ ಹಾಡಿಲ್ಲ, ಹೊಡೆದಾಟವಿಲ್ಲ, ನಾಯಕಿ ಇಲ್ಲ. ಒಂದು ಕೋಣೆ, ಒಬ್ಬ ಮನುಷ್ಯ, ಒಂದು ಬಾಗಿಲು. ಎಂಟು ವರ್ಷದ ಹುಡುಗನ ಪಾತ್ರವನ್ನು ಗಡ್ಡ ಬಿಟ್ಟ ಫಕೀರೇಶನೇ ಮಾಡುತ್ತಾನೆ. ಅಪ್ಪನ ಪಾತ್ರಕ್ಕೆ ನಟನೇ ಇಲ್ಲ, ಬರೀ ಹೊರಗಿನಿಂದ ಬಡಿತ. ಕ್ಯಾಮೆರಾ ಕೋಣೆ ಬಿಟ್ಟು ಹೊರಗೆ ಬರುವುದೇ ಇಲ್ಲ. "ಬಾಗಿಲೇ ಹೀರೋ ಕಣ್ರಯ್ಯ," ಎಂದು ಲೈಟಿನವರು ನಗುತ್ತಿದ್ದರು. ನಾನು ಬೇಡವೆನ್ನಲಿಲ್ಲ.

ನನ್ನನ್ನು ನಿಲ್ಲಿಸಿದವನು ಸೆಟ್ಟಿನ ಬಡಗಿ ಮುನಿರಾಜು. ಆ ಜನರ ಒಂದು ಪದ್ಧತಿ ನನಗೆ ವಿಚಿತ್ರವಾಗಿ ಕಂಡಿತು. ಕ್ಯಾಮೆರಾಕ್ಕೆ ಕಾಣುವ ಕಡೆ ಗೋಡೆ, ಸುಣ್ಣ, ದೀಪದ ಗೂಡು, ಮಸಿ ಎಲ್ಲ ಉಂಟು. ಕಾಣದ ಕಡೆ ಏನೂ ಇಲ್ಲ. ನನ್ನ ಒಳಮೈಗೆ ಮನೆ ಇತ್ತು. ಹೊರಮೈಗೆ ಬೀದಿ ಇಲ್ಲ, ಬಿಸಿಲಿಲ್ಲ, ಬೀಬಿಜಾನಳ ಕಟ್ಟೆಯಿಲ್ಲ. ಬಿದಿರಿನ ಊರುಗೋಲು, ಮರಳಿನ ಚೀಲ, ವೈರು, ಕತ್ತಲು. ಸತ್ತವನು ಬಂದು ನಿಲ್ಲುವುದಿದ್ದರೆ ಅಂಥ ಜಾಗಕ್ಕೇ ಬರಬೇಕು ಅನ್ನಿಸುತ್ತಿತ್ತು.

ಬಡಿಯುವ ಕೆಲಸ ಮುನಿರಾಜುವಿಗೇ ಬಿತ್ತು. ಮೊದಲ ದಿನ ಅವನು ಬಡಿಯುತ್ತಿದ್ದಂತೆ ಧ್ವನಿಮುದ್ರಣದ ಸುಧೀಂದ್ರ ಕಿವಿಯ ಮೇಲಿನ ಯಂತ್ರ ಕಿತ್ತು ಹೊರಬಂದ.

"ಇದೇನ್ರೀ ಗಿಲಕಿ? ಪ್ರತಿ ಏಟಿಗೂ ಝಣಝಣ ಅನ್ನುತ್ತೆ. ತೆಗೀರಿ ಆಚೆ."

"ಹೆಂಗೂ ಕ್ಯಾಮೆರಾಗೆ ಕಾಣಲ್ಲ ಬಿಡಿ ಸಾರ್," ಎಂದು ಮುನಿರಾಜು ನನ್ನ ಸರಪಳಿಯನ್ನು ಕಿತ್ತು ತನ್ನ ಸಾಮಾನಿನ ಪೆಟ್ಟಿಗೆಗೆ ಎಸೆದ. ಫಕೀರೇಶ ಆಗ ಒಳಗೆ ದೀಪ ಸರಿಮಾಡಿಸುತ್ತಿದ್ದ. ನನಗೆ ಇದ್ದ ಒಂದೇ ನಾಲಗೆ ಅದು.

ಕಥೆಯ ಕೊನೆಯನ್ನು ಫಕೀರೇಶ ಬದಲಿಸಿ ಬರೆದಿದ್ದ. ಸಿನಿಮಾದಲ್ಲಿ ಹುಡುಗ ಬಾಗಿಲು ತೆಗೆಯುತ್ತಾನೆ, ಕೈಯಲ್ಲಿ ನೀರಿನ ಚೆಂಬು ಇರುತ್ತದೆ. ಅದೊಂದು ದೃಶ್ಯವಾದರೆ ಕೆಲಸ ಮುಗಿಯಿತು. ಅದೇ ಆಗಲಿಲ್ಲ. ಬಡಿತವಾಗುತ್ತಿತ್ತು, ನಿಲ್ಲುತ್ತಿತ್ತು, ಅವನು ಚಿಲಕದ ಮೇಲೆ ಕೈ ಇಟ್ಟು ಕಾಯುತ್ತಿದ್ದ, ಆಮೇಲೆ ತಾನೇ "ಕಟ್" ಎನ್ನುತ್ತಿದ್ದ.

"ಸುಧೀ, ಬಡಿಯೋದು ನಿಂತಮೇಲೆ ಒಂದು ಸದ್ದಿದೆ. ಅದು ಬರ್ತಿಲ್ಲ."

"ಎಂಥಾ ಸದ್ದು?"

"ಬಳೆ ಥರ. ಬಳೆ ಅಲ್ಲ. ನಲವತ್ತು ವರ್ಷದಿಂದ ಕಿವಿಯಲ್ಲಿದೆ, ಏನೂಂತ ಗೊತ್ತಿಲ್ಲ. ಕುಡಿದಾಗ ಮಾತ್ರ ನಿಲ್ತಿತ್ತು."

ಬಳೆ ತಂದು ಅಲ್ಲಾಡಿಸಿದರು. ಕೀಲಿಕೈ ಗೊಂಚಲು, ಸೈಕಲ್ ಗಂಟೆ, ಗೆಜ್ಜೆ, ಚಿಲ್ಲರೆ ನಾಣ್ಯ, ಒಬ್ಬ ಪುಣ್ಯಾತ್ಮ ದೇವರ ಆರತಿ ಗಂಟೆಯನ್ನೂ ತಂದ. ಯಾವುದೂ ಅಲ್ಲ. ಆ ಸದ್ದು ಮಾರು ದೂರದಲ್ಲಿ ಮುನಿರಾಜುವಿನ ಪೆಟ್ಟಿಗೆಯಲ್ಲಿ, ಸುತ್ತಿಗೆಯ ಕೆಳಗೆ ಬಿದ್ದಿತ್ತು. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ. ನನಗೆ ಬಾಯಿದ್ದರೆ ಕೂಗುತ್ತಿದ್ದೆ. ಅಷ್ಟು ಅಸಹಾಯಕತೆ ನಿಂಗವ್ವನ ತಲೆ ಒಡೆದ ದಿನವೂ ನನಗೆ ಆಗಿರಲಿಲ್ಲ.

ಮರುದಿನ ಊಟದ ವಿರಾಮದಲ್ಲಿ ಅವನು ಒಬ್ಬನೇ ನನ್ನ ಹೊರಬದಿಗೆ ಬಂದ. ಬಿದಿರುಗಳ ನಡುವೆ ಕೂತು, ಪೇಪರಿನಲ್ಲಿ ಸುತ್ತಿದ್ದ ಒಂದು ಬಾಟಲಿ ತೆಗೆದು ನನ್ನ ಬುಡದಲ್ಲಿಟ್ಟ. ಒಳಗಿನ ಸೆಟ್ಟಿನಲ್ಲಿದ್ದ ಬಾಟಲಿಯಲ್ಲಿ ಚಹಾದ ಡಿಕಾಕ್ಷನ್ ಇತ್ತು. ಇದರಲ್ಲಿ ಇದ್ದದ್ದು ನಿಜವಾದದ್ದು. ನೋಡುತ್ತ ಕೂತ, ತೆರೆಯಲಿಲ್ಲ, ಎದ್ದುಹೋದ. ಅದರ ಮರುದಿನವೂ ಬಂದ. ಕಾಣದ ಕಡೆ ಇಟ್ಟದ್ದನ್ನು ಯಾರೂ ನೋಡುವುದಿಲ್ಲ ಎಂಬ ಧೈರ್ಯ. ನಾನಿದ್ದೇನೆ ಎಂಬುದು ಅವನ ಲೆಕ್ಕಕ್ಕೇ ಬರಲಿಲ್ಲ.

ಕೊನೆಯ ದಿನ ಬಂತು. ಚಿತ್ರೀಕರಣ ಮುಗಿದ ದಿನ ಸಿನಿಮಾದವರು ಕ್ಯಾಮೆರಾಕ್ಕೆ ದೃಷ್ಟಿ ತೆಗೆದು ಕುಂಬಳಕಾಯಿ ಒಡೆಯುತ್ತಾರೆ. ಮಗನ ಮೊದಲ ನಿರ್ದೇಶನವಲ್ಲವೇ, ಒಡೆಯಲಿ ಎಂದು ನಿಂಗವ್ವನನ್ನು ಕರೆಸಿದ್ದರು. ಅವಳು ಬರುವುದಕ್ಕೆ ಸ್ವಲ್ಪ ಮುಂಚೆ ಫಕೀರೇಶ ಮತ್ತೆ ಹೊರಬದಿಗೆ ಬಂದು ನನಗೆ ಬೆನ್ನು ಕೊಟ್ಟು ಕೂತ. ಈ ಸಲ ಬಾಟಲಿಯ ಮುಚ್ಚಳ ಹಿಡಿದು ತಿರುಗಿಸಿದ. ಸೀಲು ಒಡೆಯಿತು. ವಾಸನೆ ನನ್ನ ಮೈಗೆ ತಾಗಿತು. ಅದೇ ಜಾಗ, ಅದೇ ಅಗಲದ ಬೆನ್ನು. ನನಗೆ ಯಾವ ಊರು, ಯಾವ ವರ್ಷ ಎಂಬುದೇ ಮರೆತಂತಾಯಿತು.

"ಸಾರ್, ಅಮ್ಮ ಬಂದ್ರು," ಎಂದು ಯಾರೋ ಕೂಗಿದರು.

ಅವನು ಬಾಟಲಿಯನ್ನು ಹಾಗೇ ಇಟ್ಟು ಎದ್ದ. ಅಷ್ಟರಲ್ಲಿ ಮುದುಕಿ ವೈರುಗಳನ್ನು ದಾಟಿಕೊಂಡು ಹಿಂದಿನಿಂದಲೇ ಬಂದುಬಿಟ್ಟಿದ್ದಳು. ಸೆಟ್ಟಿನ ಮುಂಭಾಗ ಯಾವುದು ಹಿಂಭಾಗ ಯಾವುದು ಅವಳಿಗೇನು ಗೊತ್ತು. ಮನೆಗೆ ಬರುವವರು ಬಾಗಿಲಿನ ಹೊರಗಿನಿಂದಲೇ ತಾನೆ ಬರುವುದು. ಅವಳು ನನ್ನನ್ನು ನೋಡಿ ನಿಂತಳು. ಹದಿನೇಳು ಎಂಬ ಅಂಕಿಯ ಮೇಲೆ ಕೈಯಾಡಿಸಿದಳು. ಕೈ ಮೇಲಕ್ಕೆ ಹೋಯಿತು, ನನ್ನ ತಲೆಯ ಹತ್ತಿರ ತಡಕಾಡಿತು.

"ಸರಪಳಿ ಎಲ್ಲೈತೋ?"

"ಯಾವ ಸರಪಳಿ?"

"ಹೊರಗಿಂದು. ಆವತ್ತ ನಿಮ್ಮಪ್ಪ ಹಾಕಿದ್ನಲ್ಲ, ಅದು."

ಫಕೀರೇಶನಿಗೆ ಅರ್ಥವಾಗಲಿಲ್ಲ. "ಯಾವತ್ತ?"

"ಸತ್ತ ದಿನ. ನಾವು ಒಳಗ, ಅಂವ ಹೊರಗ. ಕೈಯಾರೆ ಸರಪಳಿ ಹಾಕಿ ಕುಂತಿದ್ದ. ಸಂಜೀಕ ಬೀಬಿಜಾನ ತಗದ್ಲು. ಒಳಗ ಬಂದ್ರ ಹೊಡದೇನಂತ ಅವಗೂ ಗೊತ್ತಿತ್ತು. ಸಾಯೂ ಮುಂದ ಅದೊಂದು ಚಲೋ ಕೆಲಸಾ ಮಾಡಿ ಹ್ವಾದ." ಅವಳು ಮಗನ ಮುಖ ನೋಡಿದಳು. "ನಿನಗ ಗೊತ್ತಿದ್ದಿಲ್ಲೇನು?"

"ನೀರ ಕೇಳಿದ್ದ, ಯವ್ವಾ. ನಾ ಚಿಲಕಾ ತಗೀಲಿಲ್ಲ."

"ತಗದಿದ್ರೂ ಬಾಗ್ಲಾ ತೆರೀತಿದ್ದಿಲ್ಲೋ, ಹುಚ್ಚಪ್ಪಾ."

ಅವನು ಮರಳಿನ ಚೀಲದ ಮೇಲೆ ಕೂತುಬಿಟ್ಟ. ಮುದುಕಿಗೆ ಆಗ ತಿಳಿಯಿತು, ಇಷ್ಟು ವರ್ಷ ಮಗ ಏನನ್ನು ಹೊತ್ತು ತಿರುಗುತ್ತಿದ್ದಾನೆಂದು. ಅವಳ ಕಣ್ಣು ನನ್ನ ಬುಡದ ಬಾಟಲಿಯ ಮೇಲೂ ಬಿತ್ತು. ಬೈಯಲಿಲ್ಲ. "ನಾ ಹೇಳಬೇಕಾಗಿತ್ತು," ಎಂದಳು ಅಷ್ಟೇ.

ಮುನಿರಾಜು ತಲೆ ಕೆರೆದುಕೊಳ್ಳುತ್ತ ಪೆಟ್ಟಿಗೆಯಿಂದ ಸರಪಳಿ ತಂದ. ಮತ್ತೆ ಜಡಿದ. ಹೊಸ ಚೌಕಟ್ಟಿಗೆ ಒಂದು ಕೊಂಡಿಯನ್ನೂ ಹೊಡೆದ. ಫಕೀರೇಶ ಎದ್ದು, ಕೈ ಮೇಲೆತ್ತಿ, ಸರಪಳಿ ಎಳೆದು ಸಿಕ್ಕಿಸಿದ. ಝಣಕ್. ಅವನ ಕೈ ಅಲ್ಲೇ ನಿಂತಿತು. ಸುಧೀಂದ್ರ ಕಿವಿಯ ಯಂತ್ರ ಹಾಕಿಕೊಂಡೇ ತಲೆ ತಗ್ಗಿಸಿದ.

"ಅವ್ವಾ, ನೀ ಇಲ್ಲೇ ಹೊರಗ ಕುಂದರು," ಎಂದ ಫಕೀರೇಶ.

ಕೊನೆಯ ದೃಶ್ಯ ತೆಗೆದರು. ಮುನಿರಾಜು ಬಡಿದ, ನಿಲ್ಲಿಸಿದ, ಸರಪಳಿ ಹಾಕಿದ. ಒಳಗೆ ನಲವತ್ತೆಂಟರ ಗಂಡಸು ಎಂಟರ ಹುಡುಗನಾಗಿ ಒಂದು ಕೈಯಲ್ಲಿ ಚೆಂಬು ಹಿಡಿದು ಚಿಲಕ ತೆಗೆದ. ನನ್ನನ್ನು ಎಳೆದ. ನಾನು ತೆರೆಯಲಿಲ್ಲ. ಚೆಂಬು ಕೆಳಗಿಟ್ಟು ಎರಡು ಕೈಯಿಂದ ಎಳೆದ. ತೆರೆಯಲಿಲ್ಲ. ಸಿನಿಮಾಗಳಲ್ಲಿ ಅಷ್ಟು ಬಾಗಿಲು ಮುರಿದವನು ನನ್ನ ಮೇಲೆ ತಲೆಯಿಟ್ಟು ಅತ್ತ, ಮಗು ಅಳುವ ಹಾಗೆ ದೊಡ್ಡ ದನಿಯಲ್ಲಿ. ಕಟ್ ಅನ್ನಬೇಕಾದವನೇ ಅಳುತ್ತಿದ್ದಾಗ ಇನ್ನಾರು ಅನ್ನುತ್ತಾರೆ? ಕ್ಯಾಮೆರಾ ಓಡುತ್ತಲೇ ಇತ್ತು. ಆಗ ನಿಂಗವ್ವ ಯಾರನ್ನೂ ಕೇಳದೆ ಎದ್ದು, ಕಾಲ್ಬೆರಳ ಮೇಲೆ ನಿಂತು ನನ್ನ ಸರಪಳಿ ತೆಗೆದಳು. ನಾನು ತೆರೆದೆ.

"ಸಾಕು," ಎಂದಳು. "ಬಾ ಹೊರಗ."

ಸಿನಿಮಾ ಮುಗಿಯುವುದು ಅಲ್ಲಿಗೇ ಅಂತೆ. ತೆರೆದ ಬಾಗಿಲು, ಆಚೆ ಬಿದಿರು, ಮರಳಿನ ಚೀಲ, ಒಬ್ಬ ಮುದುಕಿ. ಕಾಣಬಾರದ ಕಡೆ ಎಲ್ಲ ಕಂಡಿತು ಎಂದು ಮುನಿರಾಜುವಿಗೆ ಈಗಲೂ ಬೇಸರವಿದೆ. ಆ ಸಂಜೆ ಅವಳು ಕುಂಬಳಕಾಯಿಯನ್ನೂ ಒಡೆದಳು, ಬಾಟಲಿಯನ್ನೂ ಬಚ್ಚಲಿಗೆ ಸುರಿದಳು. ಅಷ್ಟರಿಂದ ಎಲ್ಲ ಸರಿಹೋಯಿತು ಎಂದು ನಾನು ಹೇಳಲಾರೆ. ಬಾಟಲಿ ಊರಲ್ಲಿ ಒಂದೇ ಇರುವುದಿಲ್ಲ. ಸಿನಿಮಾವನ್ನು ಕೆಲವರು ಹೊಗಳಿದರಂತೆ, ಹಲವರು ಅರ್ಧಕ್ಕೇ ಎದ್ದುಹೋದರಂತೆ.

ನಾನೀಗ ಸ್ಟುಡಿಯೋದ ಗೋದಾಮಿನ ಮೂಲೆಯಲ್ಲಿದ್ದೇನೆ. ಅತ್ತ ಮುರಿದ ಸಿಂಹಾಸನ, ಇತ್ತ ಥರ್ಮಾಕೋಲಿನ ಕಂಬ. ಒಳಮೈ ಗೋಡೆಗೆ, ಹೊರಮೈ ಈಚೆಗೆ. ಗೆದ್ದಲು ಇನ್ನೂ ಧೈರ್ಯ ಮಾಡಿಲ್ಲ. ಕಾಣದ ಕಡೆ ಎಂಬುದು ಎಲ್ಲರಿಗೂ ಒಂದು ಇರುತ್ತದೆ, ಅಲ್ಲಿ ಏನು ನಡೆಯಿತೆಂದು ಯಾರಾದರೂ ಒಬ್ಬರು ಹೇಳಬೇಕು ಎಂದು ಯೋಚಿಸುತ್ತ ಕಾಲ ಕಳೆಯುತ್ತೇನೆ.

ಫಕೀರೇಶ ಆಗಾಗ ಬರುತ್ತಾನೆ. ಸರಪಳಿಯನ್ನೊಮ್ಮೆ ಮುಟ್ಟಿ, ಅವನ ಅಪ್ಪ ಕೂತಂತೆಯೇ ನನಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂರುತ್ತಾನೆ. ಅದೇ ಬೆನ್ನು, ಅದೇ ಬಿಸುಪು. ಪ್ರತಿ ಸಲವೂ ನನ್ನ ಜೀವ ಹಿಡಿಯಷ್ಟಾಗುತ್ತದೆ. ಮೈಗೆ ಆ ವಾಸನೆ ತಾಗುತ್ತದೆಯೋ ಎಂದು ನೋಡುತ್ತೇನೆ, ಬೆನ್ನು ಭಾರವಾಗುತ್ತದೆಯೋ ಎಂದು ಕಾಯುತ್ತೇನೆ. ಸ್ವಲ್ಪ ಹೊತ್ತು ಕೂತಿದ್ದು, ಇವನು ಎದ್ದು ಮನೆಗೆ ಹೋಗುತ್ತಾನೆ.